ಕಾಲಿಂಗ್ ಬೆಲ್ ಒತ್ತಿದರೆ ಹೊರಡುವ ಬಸ್ಸು

ಮೂವತ್ತೊಂದು ವರ್ಷ ಹದಿನಾಲ್ಕನೇ ನಂಬರಿನ ಸಿಟಿ ಬಸ್ಸು ಓಡಿಸಿ ನಿವೃತ್ತಳಾದ ಡ್ರೈವರಮ್ಮನಿಗೆ ಮನೆಯಲ್ಲಿ ಕೈ ಸುಮ್ಮನಿದ್ದರೂ ಕಾಲು ಸುಮ್ಮನಿರುತ್ತಿರಲಿಲ್ಲ. ಟೀವಿ ನೋಡುವಾಗ ಧಾರಾವಾಹಿಯ ಸೊಸೆ ಅಳುತ್ತ ರಸ್ತೆ ದಾಟಿದರೆ ಸಾಕು, ಸೋಫಾದಲ್ಲಿ ಕೂತ ಇವಳ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ಒತ್ತಿ ಒತ್ತಿ ಕಾರ್ಪೆಟ್ಟು ಅಷ್ಟಗಲ ಸವೆದಿತ್ತು. ಅಳಿಯನ ವ್ಯಾನಿನಲ್ಲಿ ಮುಂದಿನ ಸೀಟು ಸಿಕ್ಕಿದರಂತೂ "ಕ್ಲಚ್ಚು, ಕ್ಲಚ್ಚು" ಎಂಬ ಜಪ ಶುರು. ಅಳಿಯ ಬಡಗಿ, ತಾಳ್ಮೆಯ ಮನುಷ್ಯ. ಅಂಥವನೇ ಒಂದು ದಿನ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿ, "ಅತ್ತೆ, ನೀವು ಹಿಂದೆ ಹಲಗೆಗಳ ಜೊತೆ ಕೂತ್ಕೊಂಡುಬಿಡಿ" ಅಂದುಬಿಟ್ಟ.

ಹೀಗಿರುವಾಗ ಅವಳು ತಲೆಗೂದಲು ಕತ್ತರಿಸಿಕೊಳ್ಳಲು ಬೀದಿಯ ಕೊನೆಯ ಪಾರ್ಲರಿಗೆ ಹೋದಳು. ಪಾರ್ಲರಿನವಳು ಅರ್ಧ ತಲೆ ಮುಗಿಸಿದ್ದಳು, ಅಷ್ಟರಲ್ಲಿ ಫೋನು ಬಂತು ಅಂತ ಹೊರಗೆ ಹೋದಳು. ಮೂಲೆಯಲ್ಲಿ ಅವಳ ಕಂಪ್ಯೂಟರು ಚಾಲೂ ಇತ್ತು. ಪರದೆಯ ಮೇಲೆ ಅವಳು ಅರ್ಧಕ್ಕೆ ಬಿಟ್ಟ ಆಟ, ಅದರಲ್ಲೊಂದು ಬಸ್ಸು. ಅದೂ ನಿಲ್ದಾಣದಿಂದ ಒಂದೂವರೆ ಮಾರು ದೂರ, ರಸ್ತೆಗೆ ಅಡ್ಡವಾಗಿ, ಇಂಡಿಕೇಟರ್ ಕೂಡ ಹಾಕದೆ ನಿಂತಿತ್ತು. ಇದನ್ನು ನೋಡಿಕೊಂಡು ಸುಮ್ಮನಿರುವುದು ಡ್ರೈವರಮ್ಮನ ಜಾಯಮಾನಕ್ಕೆ ಒಗ್ಗದ ಮಾತು. ಕೊರಳಿಗೆ ಸುತ್ತಿದ ಬಟ್ಟೆಯ ಸಮೇತ ಎದ್ದು ಹೋಗಿ ಕೂತಳು.

ಪಾರ್ಲರಿನವಳು ವಾಪಸು ಬರುವ ಹೊತ್ತಿಗೆ ಬಸ್ಸು ಎಂಟು ನಿಲ್ದಾಣ ದಾಟಿತ್ತು. "ಅಮ್ಮಾ, ಇನ್ನರ್ಧ ತಲೆ?" ಅಂತ ಅವಳು ಮೂರು ಸಲ ಕೇಳಿದಳು. "ಚಾಲಕರೊಂದಿಗೆ ಮಾತನಾಡಬೇಡಿ" ಎಂದಷ್ಟೇ ಉತ್ತರ ಬಂತು.

ಆವತ್ತು ಮಧ್ಯಾಹ್ನ ಡ್ರೈವರಮ್ಮ ಮನೆಗೆ ಬಂದಾಗ ಎಡಗಡೆ ಕೂದಲು ಕಿವಿಯ ತನಕ, ಬಲಗಡೆಯದು ಭುಜದ ತನಕ ಇತ್ತು. ಮುಖ ಮಾತ್ರ ಮದುವೆ ಗೊತ್ತಾದ ಹುಡುಗಿಯದು.

"ನನಗೊಂದು ಗೇಮಿಂಗ್ ಕಂಪ್ಯೂಟರ್ ಬೇಕು," ಅಂದಳು.

ಯಜಮಾನರು ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತಿದರು. ಅವರು ಟೈಲರು. ನಲವತ್ತು ವರ್ಷದಿಂದ ಮುಂದಿನ ಕೋಣೆಯಲ್ಲೇ ಅಂಗಡಿ. ಮಾತು ಕಡಿಮೆ, ಯಾಕೆಂದರೆ ಬಾಯಲ್ಲಿ ಸದಾ ಗುಂಡುಸೂಜಿ. ಒಂದು ಸೂಜಿ ತೆಗೆದು, "ಕೂದಲು ಹೀಗೇ ಇರುತ್ತಾ?" ಅಂತ ಕೇಳಿ, ಸೂಜಿಯನ್ನು ವಾಪಸು ಕಚ್ಚಿಕೊಂಡರು.

ಸಂಜೆ ಮಹಡಿಯ ಮೇಲಿನಿಂದ ಮಗಳೂ ಅಳಿಯನೂ ಇಳಿದು ಬಂದರು. ಊಟದ ಮೇಜಿನ ಸುತ್ತ ಚರ್ಚೆ ಶುರುವಾಯಿತು. ಮಗಳು ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುವವಳು. ದಿನವಿಡೀ ಸುಟ್ಟದ್ದು, ಮುರಿದದ್ದು, ಮುಳುಗಿದ್ದರ ಫೋಟೋಗಳನ್ನೇ ನೋಡಿ ನೋಡಿ ಅವಳಿಗೆ ಲೋಕದಲ್ಲಿ ಯಾವ ವಸ್ತುವಿನ ಮೇಲೂ ನಂಬಿಕೆ ಉಳಿದಿರಲಿಲ್ಲ.

"ರೆಡಿಮೇಡೇ ತೊಗೋ ಅಮ್ಮ," ಅಂದಳು. "ತಂದು ಪ್ಲಗ್ ಹಾಕಿದ್ರೆ ಆಯ್ತು. ಕೆಟ್ರೆ ವಾರಂಟಿ ಇರುತ್ತೆ, ಫೋನ್ ಮಾಡಿ ಬೈಬಹುದು. ನೀನೇ ಜೋಡಿಸಿ ಕೆಡಿಸ್ಕೊಂಡ್ರೆ ಯಾರನ್ನ ಬೈತೀಯ?"

"ನಿನ್ನ ಗಂಡನ್ನ."

ಗಂಡನಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಅವನ ಕಣ್ಣು ಆಗಲೇ ಮಿನುಗುತ್ತಿತ್ತು. "ಬಿಡಿಭಾಗ ತಂದು ನಾವೇ ಜೋಡಿಸೋಣ ಅತ್ತೆ. ಅದೇನ್ ಮಹಾ? ವಾರ್ಡ್‌ರೋಬ್ ಜೋಡಿಸಿದ ಹಾಗೇನೇ. ಒಂದೊಂದೂ ಎಲ್ಲಿ ಕೂರಬೇಕೋ ಅಲ್ಲೇ ಕೂರುತ್ತೆ."

"ನಮ್ಮನೆ ವಾರ್ಡ್‌ರೋಬಿನ ಎಡಗಡೆ ಬಾಗಿಲು ಎರಡು ವರ್ಷದಿಂದ ಎಲ್ಲಿ ಕೂರಬೇಕೋ ಅಲ್ಲಿ ಕೂತಿಲ್ಲ," ಅಂದಳು ಮಗಳು.

ಮೂವರೂ ಯಜಮಾನರ ಕಡೆ ತಿರುಗಿದರು. ಅಳತೆ ತೆಗೆದು ಹೊಲಿಯುವುದೇ ಕಸುಬಾದವರು ಯಾರ ಪಕ್ಷ ವಹಿಸುತ್ತಾರೆಂದು ಹೇಳಬೇಕಾಗಿಯೇ ಇರಲಿಲ್ಲ. ಅಳಿಯ ಆಗಲೇ ಗೆದ್ದವನಂತೆ ಬೆನ್ನು ನೆಟ್ಟಗೆ ಮಾಡಿಕೊಂಡ. ಯಜಮಾನರು ತಮ್ಮ ಅಂಗಿಯ ಕಾಲರನ್ನು ಹಿಂದಕ್ಕೆ ಮಡಚಿ ಒಳಗಿನ ಲೇಬಲ್ಲು ತೋರಿಸಿದರು. ರೆಡಿಮೇಡ್ ಅಂಗಿ.

"ಹೊಲಿದವನಿಗೇ ಗೊತ್ತು ಅದರ ಕಷ್ಟ," ಅಂದರು. ನಾಲ್ಕು ದಿನಕ್ಕಾಗುವಷ್ಟು ಮಾತಾಡಿ ಆಯಿತೆಂಬಂತೆ ತಟ್ಟೆಯತ್ತ ಬಗ್ಗಿದರು.

ಮಾರನೆಯ ದಿನ ತಾಯಿ ಮಗಳಿಬ್ಬರೂ ಅಂಗಡಿಗೆ ಹೋದರು. ಡ್ರೈವರಮ್ಮನ ಬಲಗಡೆ ಕೂದಲು ಅಷ್ಟರಲ್ಲಿ ಎಡಗಡೆಗೆ ಸಮನಾಗಿತ್ತು. ಅಂಗಡಿಯಲ್ಲಿ ಸಾಲಾಗಿ ಗಾಜಿನ ಪಕ್ಕೆಯ ಕಂಪ್ಯೂಟರುಗಳು. ಒಳಗೆ ಕೆಂಪು, ಹಸಿರು, ನೇರಳೆ ದೀಪಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು. ಮಾರುವವನು ಒಂದು ನಗೆಯನ್ನು ಮೊದಲೇ ಮುಖಕ್ಕೆ ತಗುಲಿಹಾಕಿಕೊಂಡು ಬಂದ.

"ಈ ದೀಪ ಯಾವ ಕಡೆ ತಿರುಗಿದಾಗ ಉರಿಯುತ್ತೆ?" ಡ್ರೈವರಮ್ಮ ಕೇಳಿದಳು.

"ಯಾವಾಗ್ಲೂ ಉರಿಯುತ್ತೆ ಮೇಡಂ. ಒಂದು ಗೇಮಿಂಗ್ ಫೀಲ್ ಬರುತ್ತೆ."

"ಯಾವಾಗ್ಲೂ ಉರಿಯೋ ಇಂಡಿಕೇಟರ್ ಇಟ್ಕೊಂಡು ಹಿಂದಿನೋರು ಏನಂತ ತಿಳ್ಕೋಬೇಕು?"

ಮಗಳು ಅಮ್ಮನ ಮೊಣಕೈ ಚಿವುಟಿದಳು. ಮಾರುವವನು ನಗೆಯನ್ನು ಕೆಳಗೆ ಬೀಳಲು ಬಿಡದೆ ಒಳಗಿನ ಸಾಮಾನುಗಳ ಪಟ್ಟಿ ಒಪ್ಪಿಸಿದ. ಪ್ರೊಸೆಸರ್ ಇಂಥದ್ದು, ಗ್ರಾಫಿಕ್ಸ್ ಕಾರ್ಡ್ ಇಂಥದ್ದು, ರಸ್ತೆ, ಮರ, ಜನ ಎಲ್ಲವನ್ನೂ ಪರದೆ ಮೇಲೆ ಬರೆಯೋದು ಅದೇ ಕಾರ್ಡು ಮೇಡಂ, ಇದರಲ್ಲಿ ಎಲೆ ಎಲೆಯೂ ಬೇರೆ ಬೇರೆಯಾಗಿ ಕಾಣುತ್ತೆ.

"ಎಲ್ಲಕ್ಕೂ ಕರೆಂಟ್ ಕೊಡೋ ಪೆಟ್ಟಿಗೆ?"

"ಪವರ್ ಸಪ್ಲೈಯಾ? ಒಳ್ಳೇದೇ ಹಾಕಿರ್ತಾರೆ ಮೇಡಂ."

ಅವನು ಹಾಗೆ ಅನ್ನಬಾರದಿತ್ತು. ಬ್ರೇಕಿಗೆ ಒಳ್ಳೇದೇ ಹಾಕಿದೀವಿ ಅಂತ ಡಿಪೋದವರು ಹೇಳಿದ ಬಸ್ಸಿನಡಿ ಟಾರ್ಚು ಹಿಡಿದು ಮಲಗದೆ ಡ್ರೈವರಮ್ಮ ಒಂದು ದಿನವೂ ಕೀಲಿ ತಿರುಗಿಸಿದವಳಲ್ಲ. "ಬಾನೆಟ್ ತೆಗಿ, ನೋಡೋಣ," ಅಂದಳು.

"ಅಯ್ಯೋ, ಆಗಲ್ಲ ಮೇಡಂ. ಈ ಸ್ಟಿಕರ್ ಹರಿದ್ರೆ ವಾರಂಟಿ ಹೋಯ್ತು, ವಾಪಸೂ ತೊಗೊಳ್ಳಲ್ಲ."

"ಬಾನೆಟ್ ತೆಗೆದು ನೋಡದೆ ಗಾಡಿ ತೊಗೊಳ್ಳೋದು ಹ್ಯಾಗಪ್ಪ?"

ಅಂಗಡಿಯಿಂದ ಹೊರಬಿದ್ದಾಗ ಡ್ರೈವರಮ್ಮನ ತೀರ್ಮಾನ ಆಗಿಹೋಗಿತ್ತು: ಜೋಡಿಸುವುದೇ ಸೈ. ಮಗಳು ದಾರಿಯುದ್ದಕ್ಕೂ ಪಿಟ್ಟೆನ್ನಲಿಲ್ಲ. ಅವಳು ಸುಮ್ಮನಿದ್ದಾಳೆ ಅಂದರೆ ಒಳಗೇ ಯಾವುದೋ ಫಾರಂ ತುಂಬುತ್ತಿದ್ದಾಳೆ ಅಂತ ಅರ್ಥ.

ಬಿಡಿಭಾಗಗಳು ಒಂದೊಂದಾಗಿ ಬಂದು ಊಟದ ಮೇಜನ್ನು ಆಕ್ರಮಿಸಿದವು. ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದರು. ಬಸ್ಸಿನದರಂತೆಯೇ ಒಂದು ಸ್ಟೀರಿಂಗೂ, ಕಾಲಿಗೆ ಪೆಡಲುಗಳೂ ಬಂದವು. ಎಲ್ಲವೂ ಬಂದಮೇಲೆ ಇವೆಲ್ಲವನ್ನೂ ಕೂರಿಸುವ ಹೊರಪೆಟ್ಟಿಗೆ ಎಲ್ಲಿ ಅಂತ ಡ್ರೈವರಮ್ಮ ಕೇಳಿದಳು.

ಅಳಿಯನಿಗೆ ಅವಮಾನವೇ ಆಯಿತು. "ತಗಡಿನ ಡಬ್ಬ ತರಿಸ್ತಾರಾ ಅತ್ತೆ? ಮನೇಲಿ ಬಡಗಿ ಇಟ್ಕೊಂಡು?"

ಅದಕ್ಕೆ ಹನ್ನೊಂದು ದಿನ ಹಿಡಿಯಿತು. ಹನ್ನೆರಡನೆಯ ದಿನ ಅವನೂ ಅವನ ಅಂಗಡಿಯ ಇನ್ನೊಬ್ಬ ಬಡಗಿಯೂ ಸೇರಿ ಅದನ್ನು ಹೊತ್ತು ತಂದರು. ತೇಗದ ಮರ, ನಾಲ್ಕು ಕಾಲು, ಎರಡು ಬಾಗಿಲು, ಹಿತ್ತಾಳೆಯ ಹಿಡಿ, ಗಾಳಿಯಾಡಲು ಹಿಂದೆ ಕೊರೆದ ಜಾಲರಿ, ಕೆಳಗೊಂದು ಡ್ರಾಯರು.

"ಡ್ರಾಯರ್ ಯಾಕೆ?" ಡ್ರೈವರಮ್ಮ ಕೇಳಿದಳು.

"ಜಾಗ ಇತ್ತು," ಅಂದ ಅಳಿಯ.

ಪಕ್ಕದ ಮನೆಯವರು ಇಣುಕಿ ನೋಡಿ, "ಚಪ್ಪಲಿ ಸ್ಟ್ಯಾಂಡ್ ತುಂಬ ಚೆನ್ನಾಗಿದೆ, ನಮಗೂ ಒಂದು ಮಾಡಿಕೊಡ್ತೀರಾ?" ಅಂದರು. ಮಗಳು ಕೈಕಟ್ಟಿ ಬಾಗಿಲಲ್ಲಿ ನಿಂತಿದ್ದಳು. "ಮರದ ಪೆಟ್ಟಿಗೆಯೊಳಗೆ ಕರೆಂಟು," ಅಂದಳು. "ನಮ್ಮಾಫೀಸಲ್ಲಿ ಇಂಥದ್ದಕ್ಕೇ ಬೇರೆ ಫೈಲಿದೆ. ದಪ್ಪ ಫೈಲು."

ಭಾನುವಾರ ಬೆಳಿಗ್ಗೆ ಜೋಡಣೆ ಶುರುವಾಯಿತು. ಡ್ರೈವರಮ್ಮ ಕನ್ನಡಕ ಹಾಕಿಕೊಂಡು ಕೈಪಿಡಿಯನ್ನು ನಿಲ್ದಾಣಗಳ ಹೆಸರು ಕೂಗುವ ಧಾಟಿಯಲ್ಲಿ ಓದುವುದು, ಅಳಿಯ ಸ್ಕ್ರೂಡ್ರೈವರ್ ಹಿಡಿದು ಕೂರಿಸುವುದು. ಪ್ರೊಸೆಸರು ಕೂತಿತು. ಅದರ ಮೇಲೆ, ಫ್ಯಾನ್ ಕೂರಿಸುವ ಮುಂಚೆ, ಬಿಸಿ ಎಳೆದುಕೊಳ್ಳುವ ಬೂದು ಬಣ್ಣದ ಪೇಸ್ಟು ಹಚ್ಚಬೇಕಿತ್ತು.

"ಒಂದು ಬಟಾಣಿ ಕಾಳಿನಷ್ಟು," ಡ್ರೈವರಮ್ಮ ಓದಿದಳು.

ಅಳಿಯ ಟ್ಯೂಬು ಹಿಡಿದವನು ತಡೆದ. "ಹಸಿ ಬಟಾಣಿಯೋ ಒಣ ಬಟಾಣಿಯೋ?"

"ಅದನ್ನ ಬರೆದಿಲ್ಲ."

"ಎಷ್ಟು ವ್ಯತ್ಯಾಸ ಆಗುತ್ತೆ ಅತ್ತೆ! ನೆನೆಸಿದ ಮೇಲಂತೂ..."

"ಇದನ್ನ ಯಾಕಪ್ಪ ನೆನೆಸ್ತೀರ?"

ಅರ್ಧ ಗಂಟೆ ಬಟಾಣಿಯ ಮೇಲೇ ಕಳೆಯಿತು. ಅಡುಗೆಮನೆಯಿಂದ ಎರಡು ನಮೂನೆಯ ಕಾಳುಗಳನ್ನೂ ತಂದು ಮದರ್‌ಬೋರ್ಡಿನ ಪಕ್ಕ ಇಟ್ಟು ಬಗ್ಗಿ ನೋಡಿದರು. ಕೊನೆಗೆ ಯಜಮಾನರು ಎದ್ದು ಬಂದು, ಟ್ಯೂಬು ಕಿತ್ತುಕೊಂಡು, ಅಂಗಿಯ ಮೇಲೆ ಗುಂಡಿಯ ಜಾಗಕ್ಕೆ ಗುರುತು ಹಾಕುವ ಹಾಗೆ ನಡುಮಧ್ಯೆ ಒಂದು ಚುಕ್ಕೆಯಿಟ್ಟು, ವಾಪಸು ಮೆಷಿನ್ನಿನ ಮುಂದೆ ಹೋಗಿ ಕೂತರು. ಅದಕ್ಕಿಂತ ಒಪ್ಪವಾದ ಚುಕ್ಕೆಯನ್ನು ಯಾವ ಕಾರ್ಖಾನೆಯವರೂ ಇಟ್ಟಿರಲಿಕ್ಕಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಸಮಸ್ಯೆ ಉಳಿಯಿತು. ತಗಡಿನ ಡಬ್ಬವಾಗಿದ್ದರೆ ಮುಂಭಾಗದಲ್ಲಿ ಆನ್ ಮಾಡುವ ಗುಂಡಿ ಇರುತ್ತಿತ್ತು. ತೇಗದ ಬೀರುವಿಗೆ ಗುಂಡಿ ಎಲ್ಲಿಂದ ಬರಬೇಕು? ಭಾನುವಾರ, ಅಂಗಡಿ ಮುಚ್ಚಿದೆ. ಅಳಿಯ ತಲೆ ಕೆರೆದುಕೊಂಡ, ಮೇಲೆ ಹೋದ, ಐದು ನಿಮಿಷದಲ್ಲಿ ಒಂದು ಬಿಳಿಯ ಗುಂಡಿ ಹಿಡಿದು ಬಂದ. ಅದನ್ನು ಹಿತ್ತಾಳೆ ಹಿಡಿಯ ಪಕ್ಕ ಕೂರಿಸಿ, ವೈರುಗಳನ್ನು ಮದರ್‌ಬೋರ್ಡಿನ ಪುಟಾಣಿ ಮುಳ್ಳುಗಳಿಗೆ ಸಿಕ್ಕಿಸಿದ.

"ಒತ್ತಿ ಅತ್ತೆ."

ಡ್ರೈವರಮ್ಮ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಬೀರು ಬೀರುವಾಗಿಯೇ ನಿಂತಿತ್ತು.

ನಾಲ್ಕು ದಿನ ಅದು ಜಪ್ಪಯ್ಯ ಅನ್ನಲಿಲ್ಲ. ಅಳಿಯ ಎಲ್ಲವನ್ನೂ ಬಿಚ್ಚಿ ಮತ್ತೆ ಕೂರಿಸಿದ. ಯಜಮಾನರು ಎರಡನೆಯ ಸಲ ಚುಕ್ಕೆಯಿಟ್ಟರು. ಡ್ರೈವರಮ್ಮ ಸತ್ತ ಪರದೆಯ ಮುಂದೆ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿರುವುದನ್ನು ಬುಧವಾರ ಆಫೀಸಿಗೆ ಹೊರಟ ಮಗಳು ಕಿಟಕಿಯಿಂದ ಕಂಡಳು. ಎರಡು ಹೆಜ್ಜೆ ಮುಂದೆ ಹೋದವಳು ಮತ್ತೆ ತಿರುಗಿ ನೋಡಿದಳು. ವಾದದಲ್ಲಿ ಗೆಲ್ಲಬೇಕೆಂಬ ಆಸೆಯೂ ಆ ನೋಟದಲ್ಲಿ ಸ್ವಲ್ಪ ಇದ್ದಿರಬಹುದು. ಆಫೀಸಿಗೆ ಹೋದವಳೇ ಆ ಗಾಜಿನ ಪಕ್ಕೆಯ ಕಂಪ್ಯೂಟರನ್ನು ಅಮ್ಮನಿಗೆ ಗೊತ್ತಾಗದ ಹಾಗೆ ತಾನೇ ಕೊಂಡು, ಮಾರನೆಯ ದಿನ ತನ್ನ ಮಹಡಿಯ ಮನೆಗೆ ತಲುಪಿಸಲು ಹೇಳಿದಳು. ಸಂಜೆ ತಾನೇ ಕೆಳಗೆ ತಂದು ಅಮ್ಮನ ಮುಂದಿಡುವುದೆಂದು ಲೆಕ್ಕ ಹಾಕಿದ್ದಳು.

ಗುರುವಾರ ಬೆಳಿಗ್ಗೆ ಡ್ರೈವರಮ್ಮನಿಗೆ ರೋಸಿಹೋಯಿತು. ಡಿಪೋದಲ್ಲಿ ಮಾಡುತ್ತಿದ್ದಂತೆ ನೆಲದ ಮೇಲೊಂದು ಗೋಣಿಚೀಲ ಹಾಸಿ, ಟಾರ್ಚು ಬಾಯಲ್ಲಿ ಕಚ್ಚಿ, ಬೀರುವಿನೊಳಗೆ ತಲೆ ತೂರಿಸಿದಳು. ಗುಂಡಿಯಿಂದ ಹೊರಟ ವೈರನ್ನು ಎರಡು ಬೆರಳಲ್ಲಿ ಹಿಡಿದು ಗೇಣು ಗೇಣಾಗಿ ಹಿಂಬಾಲಿಸಿದಳು. ವೈರಿನ ತುದಿ ಕೂತ ಮುಳ್ಳಿನ ಪಕ್ಕ ಸಾಸಿವೆಗಿಂತ ಸಣ್ಣ ಅಕ್ಷರ. ಕೈಪಿಡಿ ತೆರೆದು ನೋಡಿದರೆ ಅದು ದೀಪಕ್ಕೆ ಮೀಸಲಾದ ಜಾಗ. ಗುಂಡಿಯ ಜಾಗ ಅದರ ಕೆಳಗಿನ ಸಾಲಿನಲ್ಲಿ ಖಾಲಿ ಕೂತಿತ್ತು. ಅಳಿಯ ಸತತ ನಾಲ್ಕು ದಿನ, ಬಿಚ್ಚಿದಾಗಲೆಲ್ಲ ಅದನ್ನು ಅದೇ ತಪ್ಪು ಜಾಗಕ್ಕೆ ನಿಷ್ಠೆಯಿಂದ ಸಿಕ್ಕಿಸಿದ್ದ.

ಬದಲಾಯಿಸಿ, ಹೊರಗೆ ಬಂದು, ಒತ್ತಿದಳು. ಫ್ಯಾನುಗಳು ಗುಂಯ್ ಅಂದವು. ಪರದೆ ಬೆಳಗಿತು.

"ರೀ!" ಅಂತ ಅವಳು ಕೂಗಿದ ಕೂಗಿಗೆ ಯಜಮಾನರು ಯಾರದೋ ಪ್ಯಾಂಟಿನ ಕಾಲನ್ನು ಇನ್ನೊಂದು ಕಾಲಿಗೆ ಸೇರಿಸಿ ಹೊಲಿದುಬಿಟ್ಟರು.

ಆ ಸಂಭ್ರಮ ನಡೆಯುತ್ತಿರುವಾಗಲೇ ಬಾಗಿಲು ತಟ್ಟಿದ ಸದ್ದು. ಸಾಮಾನು ತಲುಪಿಸುವವನು ದೊಡ್ಡದೊಂದು ಡಬ್ಬ ಹಿಡಿದು ಏದುಸಿರು ಬಿಡುತ್ತ ನಿಂತಿದ್ದ. "ಮೇಲ್ಮನೆಗೆ ಬಂದಿದ್ದು ಮೇಡಂ. ಬೆಲ್ ಒತ್ತೋಣ ಅಂದ್ರೆ ಬೆಲ್ಲೇ ಇಲ್ಲ. ಎರಡು ವೈರು ನೇತಾಡ್ತಿವೆ. ಬಾಗಿಲು ಬಡಿದೆ, ಯಾರೂ ತೆಗೀಲಿಲ್ಲ. ಡಬ್ಬದ ಮೇಲೆ 'ಅಮ್ಮನಿಗೆ' ಅಂತ ಬರೆದಿದೆ. ಇಲ್ಲಿ ಯಾರಾದ್ರೂ ಅಮ್ಮ ಇದಾರಾ?"

ಅಮ್ಮ ಇದ್ದಳು. ಅಮ್ಮನ ಕೈಯಲ್ಲಿ ಸ್ಕ್ರೂಡ್ರೈವರ್ ಕೂಡ ಇತ್ತು. ಗೆದ್ದ ಹುಮ್ಮಸ್ಸಿನಲ್ಲಿ ಅವಳು ಡಬ್ಬ ಬಿಚ್ಚಿದಳು, ಯಂತ್ರ ಕಂಡಳು, ಒಂದು ಕ್ಷಣವೂ ಯೋಚಿಸದೆ ಅದರ ಪಕ್ಕೆಯನ್ನೂ ಬಿಚ್ಚಿದಳು. ಸ್ಟಿಕರು ಚರ್ರೆಂದು ಹರಿದಾಗ ಅಂಗಡಿಯವನ ಮಾತು ನೆನಪಾಯಿತು. ಆದರೆ ಆಗಲೇ ಬಾನೆಟ್ ತೆರೆದಾಗಿತ್ತು. ತೆರೆದ ಬಾನೆಟ್ಟಿನೊಳಗೆ ನೋಡದಿರುವುದು ಸಾಧ್ಯವಿರಲಿಲ್ಲ.

ಸಂಜೆ ಮಗಳು ಬಂದಾಗ ಡ್ರೈವರಮ್ಮ ಹರಿದ ಸ್ಟಿಕರನ್ನು ಅಂಗೈ ಮೇಲೆ ಇಟ್ಟುಕೊಂಡು ಕೂತಿದ್ದಳು. "ಒಳ್ಳೇದೇ ಹಾಕಿದಾರೆ ಕಣೇ," ಅಂದಳು ಸಣ್ಣ ದನಿಯಲ್ಲಿ. "ನಾವು ತಂದ ಪವರ್ ಸಪ್ಲೈಯೇ ಅದರಲ್ಲೂ ಇದೆ. ವೈರುಗಳನ್ನಂತೂ ಜಡೆ ಹೆಣೆದ ಹಾಗೆ ಕಟ್ಟಿದಾರೆ. ನಮ್ಮದು ಕಾಗೆ ಗೂಡಿನ ಹಾಗಿದೆ."

"ಅಮ್ಮಾ! ವಾಪಸ್ ಕೊಡೋಕಾಗಲ್ಲ ಇನ್ನು! ನಮ್ಮನೆ ಬೆಲ್ ಎಲ್ಲಿ?"

ಎಲ್ಲರೂ ಬೀರುವಿನ ಕಡೆ ನೋಡಿದರು. ಅಳಿಯ ಛಾವಣಿಯ ಕಡೆ ನೋಡಿದ.

ಒಳ್ಳೆಯದು ಯಾವುದು ಎಂಬ ಬಗ್ಗೆ ಮಗಳು ಅಳಿಯನ ನಡುವೆ ಆಮೇಲೆ ನಡೆದ ವಾದವನ್ನು ಬರೆಯಹೊರಟರೆ ಕಾಗದ ಸಾಲದು. ಕೊನೆಗೆ ಎರಡನ್ನೂ ಅಕ್ಕಪಕ್ಕ ಇಟ್ಟು ಅದೇ ಬಸ್ಸಿನಾಟವನ್ನು ಓಡಿಸಿ ನೋಡೋಣ, ಯಾವುದು ತಡವರಿಸುತ್ತೋ ಅದು ಸೋತಂತೆ ಅಂತಾಯಿತು. ಬೀರುವಿನ ಮುಂದೆ ಡ್ರೈವರಮ್ಮ ಕೂತಳು. ಗಾಜಿನ ಪೆಟ್ಟಿಗೆಯ ಮುಂದೆ ಯಾರು? ಮಗಳೂ ಅಳಿಯನೂ ತೀರ್ಪುಗಾರರು, ಅವರು ಕೂರುವಂತಿಲ್ಲ.

"ನಾನೂ ಒಂದು ಕೈ ನೋಡ್ಲಾ?" ಅಂದರು ಯಜಮಾನರು. ಬಾಯಲ್ಲಿ ಒಂದೂ ಸೂಜಿಯಿರಲಿಲ್ಲ.

ಡ್ರೈವರಮ್ಮ ಬೆರಗಾಗಿ ನೋಡಿದಳು. ಬಸ್ಸು ಹತ್ತಿದರೆ ಎರಡನೆಯ ನಿಲ್ದಾಣಕ್ಕೆಲ್ಲ ವಾಂತಿ ಮಾಡಿಕೊಳ್ಳುವ ಮನುಷ್ಯ. ಹೆಂಡತಿ ಬಸ್ಸು ಓಡಿಸಿದ ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಅದರಲ್ಲಿ ಕೊನೆಯ ತನಕ ಪ್ರಯಾಣ ಮಾಡಿದವರಲ್ಲ.

ಆಟದಲ್ಲಿ ಒಂದೇ ಊರಿನಲ್ಲಿ ಇಬ್ಬರು ಎರಡು ಬಸ್ಸು ಓಡಿಸಬಹುದಿತ್ತು. ಡ್ರೈವರಮ್ಮ ಕನ್ನಡಿ ಸರಿಮಾಡಿಕೊಂಡು, ಇಂಡಿಕೇಟರ್ ಹಾಕಿ, ವೇಳಾಪಟ್ಟಿಗೆ ಸರಿಯಾಗಿ ಹೊರಟಳು. ಮೊದಲ ನಿಲ್ದಾಣದಲ್ಲಿ ಅಜ್ಜಿಯೊಬ್ಬಳು ಹತ್ತಿ ಕೂರುವ ತನಕ ಕಾದಳು. "ಒಳಗೆ ಹೋಗಿ, ಒಳಗೆ ಜಾಗ ಇದೆ," ಅಂತ ಪರದೆಯೊಳಗಿನವರಿಗೆ ಹೇಳಿದಳು. ನಾಲ್ಕನೆಯ ನಿಲ್ದಾಣದಲ್ಲಿ ಅವಳ ಪಕ್ಕದಿಂದ ಒಂದು ಬಸ್ಸು ಬರ್ರೆಂದು ಮುಂದೆ ಹೋಯಿತು.

"ರೀ! ಅದು ಓವರ್‌ಟೇಕ್ ಮಾಡೋ ಜಾಗ ಅಲ್ಲ!"

ಯಜಮಾನರ ಕಾಜಾ ಹೊಲಿಯುವ ಬೆರಳುಗಳು ಕೀಬೋರ್ಡಿನ ಮೇಲೆ ನವಿರಾಗಿ ಓಡಾಡುತ್ತಿದ್ದವು. ಅವರು ಯಾವ ನಿಲ್ದಾಣದಲ್ಲೂ ನಿಲ್ಲಿಸಲಿಲ್ಲ. ಕೈ ಅಡ್ಡ ಹಾಕಿದವರ ಕಡೆ ತಿರುಗಿಯೂ ನೋಡಲಿಲ್ಲ. ಒಳಗಿದ್ದ ಪ್ರಯಾಣಿಕರ ಸಿಟ್ಟು ತೋರಿಸುವ ಪಟ್ಟಿ ಕೆಂಪಗಾಗಿ, ಆಮೇಲೆ ಇನ್ನಷ್ಟು ಕೆಂಪಗಾಗಲು ಜಾಗವಿಲ್ಲದೆ ಮಿಣುಕತೊಡಗಿತು. ದೊಡ್ಡ ವೃತ್ತದ ಹತ್ತಿರ ಎಲ್ಲ ಬಸ್ಸುಗಳೂ ಬಲಕ್ಕೆ ತಿರುಗಬೇಕಾದಲ್ಲಿ ಯಜಮಾನರು ಎಡಕ್ಕೆ ತಿರುಗಿಸಿದರು.

"ಅಪ್ಪ, ಅದು ದಾರಿ ಅಲ್ಲ," ಅಂದಳು ಮಗಳು.

"ಗೊತ್ತು," ಅಂದರು ಅವರು. "ಆ ಕಡೆ ಬೆಟ್ಟ ಕಾಣ್ತಿದೆ."

ಡ್ರೈವರಮ್ಮ ವೃತ್ತದಲ್ಲಿ ಬ್ರೇಕು ಒತ್ತಿ ನಿಂತಳು. ನಿಜವಾದ ಊರಿನಲ್ಲೂ ಇಂಥದ್ದೇ ಒಂದು ವೃತ್ತವಿತ್ತು. ದಿನಕ್ಕೆ ಹನ್ನೆರಡು ಸಲ ಅವಳು ಅಲ್ಲಿ ಬಲಕ್ಕೆ ತಿರುಗಿದ್ದಳು. ಎಡಕ್ಕೆ ಏನಿದೆ ಅಂತ ಯಾರಾದರೂ ಕೇಳಿದರೆ, ಅವಳು ಈಗಲೂ ಹೇಳಲಾರಳು. ಹಿಂದಿನ ಕಾರುಗಳು ಹಾರ್ನು ಹೊಡೆದವು. ಕನ್ನಡಿಯಲ್ಲಿ ಅಜ್ಜಿ ಇವಳನ್ನೇ ನೋಡುತ್ತಿದ್ದ ಹಾಗಿತ್ತು.

"ಅತ್ತೆ, ಯಂತ್ರ ತಡವರಿಸ್ತಾ?" ಅಳಿಯ ಗಾಬರಿಯಿಂದ ಕೇಳಿದ.

"ಯಂತ್ರ ಅಲ್ಲಪ್ಪ," ಅಂದಳು.

ಎಡಗಡೆಯ ಇಂಡಿಕೇಟರ್ ಹಾಕಿದಳು. ನಿಯಮ ನಿಯಮವೇ. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದಳು. ನೀವು ಮಾರ್ಗ ತಪ್ಪಿದ್ದೀರಿ, ಕೂಡಲೇ ಹಿಂತಿರುಗಿ ಎಂದು ಪರದೆಯ ಮೇಲೆ ಬಂತು. ಅವಳು ಅದನ್ನು ಗಟ್ಟಿಯಾಗಿ ಓದಿದಳು, ಓದಿ ಗೇರು ಬದಲಾಯಿಸಿದಳು. ರಸ್ತೆ ಏರತೊಡಗಿತು. ಮರಗಳ ಎಲೆ ಎಲೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು, ಎರಡು ಪರದೆಗಳಲ್ಲೂ. ಯಾವುದು ಸೋತಿತು ಅಂತ ಮಗಳು ಅಳಿಯ ಇಬ್ಬರೂ ಕೇಳುವುದನ್ನು ಮರೆತು ಕುರ್ಚಿ ಎಳೆದುಕೊಂಡು ಹಿಂದೆ ಕೂತಿದ್ದರು.

ಮೇಲೆ ತಿರುವಿನಲ್ಲಿ ಯಜಮಾನರ ಬಸ್ಸು ನಿಂತಿತ್ತು. ಬಾಗಿಲು ತೆರೆದಿತ್ತು, ಸಿಟ್ಟಿಗೆದ್ದ ಪ್ರಯಾಣಿಕರೆಲ್ಲ ಇಳಿದು ಸಾಲಾಗಿ ನಿಂತಿದ್ದರು.

"ಯಾಕ್ರೀ ನಿಲ್ಲಿಸಿದ್ರಿ?"

"ನೀನು ಬರ್ಲಿ ಅಂತ," ಅಂದರು ಯಜಮಾನರು. ಆಮೇಲೆ ಸ್ವಲ್ಪ ಬಾಗಿ, ಹೊಟ್ಟೆ ಹಿಡಿದುಕೊಂಡು, "ಹಾಗೇ ಸ್ವಲ್ಪ ವಾಂತಿ ಬರೋ ಹಾಗಿದೆ," ಅಂದರು.

ಮಗಳು ಬಕೆಟ್ಟಿಗೆ ಓಡಿದಳು. ಡ್ರೈವರಮ್ಮ ತನ್ನ ಬಸ್ಸನ್ನು ಅವರ ಬಸ್ಸಿನ ಹಿಂದೆ, ಅಂಚಿಗೆ ಸರಿಯಾಗಿ, ಗೇಣು ಜಾಗ ಬಿಟ್ಟು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದಳು. ಎದ್ದು ಯಜಮಾನರ ಬೆನ್ನು ನೀವುತ್ತ, "ಮುಂದೆ ದೂರ ನೋಡ್ಕೊಂಡಿರಿ, ಪಕ್ಕದ ಮರ ನೋಡ್ಬೇಡಿ," ಅಂದಳು.